ಗುರುತ್ವಸಮನ್ವಯದ ಗ್ರಂಥಗಳು: ಉಪಮಾನವೂ ಪ್ರಮಾಣವೂ

ಕಾವ್ಯವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಓದಿ ಅದರ ಗುಣದೋಷಗಳನ್ನು ವಾಚಕರಲ್ಲಿ ಅರಿಕೆಮಾಡುವುದು ಈ ಪತ್ರಿಕೆಯ ಪದ್ಧತಿಯಷ್ಟೆ. ಈ ಸಲ ನಾನು ವಿಮರ್ಶೆಗೆ ಎತ್ತಿಕೊಂಡಿರುವುದು ಕಾವ್ಯವೂ ಅಲ್ಲ, ನನಗೆ ಗುರುಮುಖದಿಂದ ಪಾಠವಾದ ಶಾಸ್ತ್ರವೂ ಅಲ್ಲ. ಗುರುತ್ವಾಕರ್ಷಣೆಯನ್ನು ಪ್ರಕೃತಿಯ ಉಳಿದ ಮೂಲಬಲಗಳೊಡನೆ ಒಂದುಗೂಡಿಸುವ ಪ್ರಯತ್ನವನ್ನು ಸಾಮಾನ್ಯ ಓದುಗರಿಗಾಗಿ ತಿಳಿಯಹೇಳುವ ಕೆಲವು ಇಂಗ್ಲಿಷ್ ಗ್ರಂಥಗಳನ್ನು ಕಳೆದ ಎರಡು ವರ್ಷಗಳಲ್ಲಿ ಓದಿದೆನು. ಕಾಲೇಜಿನಲ್ಲಿ ಭೌತವಿಜ್ಞಾನದ ಉಪನ್ಯಾಸಕನಾಗಿರುವ ನನ್ನ ಹಳೆಯ ಶಿಷ್ಯನೊಬ್ಬನು ಅವುಗಳನ್ನು ತಂದುಕೊಟ್ಟು, ತೊಡಕಾದ ಸ್ಥಳಗಳನ್ನು ಬಿಡಿಸಿ ಹೇಳಿದನು. ಅವುಗಳ ವಿಚಾರದಲ್ಲಿ ನನಗೆ ತೋರಿದುದನ್ನು ಇಲ್ಲಿ ನಿವೇದಿಸುತ್ತೇನೆ.

ಪಾಠಶಾಲೆಯಲ್ಲಿ ತರ್ಕಸಂಗ್ರಹವನ್ನು ಓದಿ, ಹೈಸ್ಕೂಲಿನಲ್ಲಿ ಮಕ್ಕಳಿಂದ ಶಬ್ದರೂಪಗಳನ್ನು ಒಪ್ಪಿಸಿಕೊಳ್ಳುತ್ತ ಮುದುಕನಾದವನಿಗೆ ಈ ವಿಷಯದಲ್ಲಿ ಅಧಿಕಾರವೆಲ್ಲಿಯದು ಎಂದು ವಾಚಕರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆ ಶಾಸ್ತ್ರದ ಗಣಿತದಲ್ಲಿ ನನಗೆ ಎಳ್ಳಷ್ಟೂ ಅಧಿಕಾರವಿಲ್ಲ. ಆದರೆ ಈ ಗ್ರಂಥಗಳು ಗಣಿತವನ್ನು ಬಿಟ್ಟು ಮಾತಿನಲ್ಲಿ ಬರೆದವುಗಳು. ಮಾತಿನಿಂದ ನಂಬಿಕೆಯನ್ನು ಹುಟ್ಟಿಸುವಂಥವು. ಮಾತು ಎಲ್ಲಿ ಅರ್ಥವನ್ನು ತಿಳಿಸುತ್ತದೆ, ಎಲ್ಲಿ ಅರ್ಥ ತಿಳಿಯಿತೆಂಬ ಭ್ರಮೆಯನ್ನು ಮಾತ್ರ ಹುಟ್ಟಿಸುತ್ತದೆ ಎಂಬುದನ್ನು ವಿಚಾರಮಾಡುವುದು ವಿಮರ್ಶಕನ ಕೆಲಸವೇ ಹೊರತು ಬೇರೆಯವರದಲ್ಲ.

ಇನ್ನೊಂದು ಕಾರಣವೂ ಉಂಟು. ಅದನ್ನು ಮುಚ್ಚಿಡುವುದು ತರವಲ್ಲ. 1993ರಲ್ಲಿ ನಮ್ಮ ಕೋಲಾರ ಸೀಮೆಯ ಒಂದು ಶಾಲೆಯ ವಾರ್ಷಿಕೋತ್ಸವದಲ್ಲಿ ನಾನು ಭಾಷಣಮಾಡಿದೆನು. ಪಾಶ್ಚಾತ್ಯ ವಿಜ್ಞಾನಿಗಳು ಎಲ್ಲ ಬಲಗಳೂ ಒಂದೇ ಎಂದು ಈಗ ತಾನೇ ಕಂಡುಕೊಳ್ಳುತ್ತಿರುವರೆಂದೂ, ನಮ್ಮ ಋಷಿಗಳು ಅದನ್ನು ಎಂದೋ ಹೇಳಿಮುಗಿಸಿದರೆಂದೂ, ಅದ್ವೈತಕ್ಕೂ ಆ ಹೊಸ ಸಿದ್ಧಾಂತಕ್ಕೂ ಭಾಷೆಯೊಂದರ ಭೇದವೇ ಹೊರತು ವಿಷಯದ ಭೇದವಿಲ್ಲವೆಂದೂ ಸಾರಿದೆನು. ಸಭೆ ಕೈತಟ್ಟಿತು. ಆಮೇಲೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಎದ್ದುನಿಂತು, "ಮೇಷ್ಟ್ರೇ, ಹಾಗಂತ ಯಾರಾದರೂ ಅಳೆದು ನೋಡಿದ್ದಾರೆಯೇ?" ಎಂದು ಕೇಳಿದಳು. ಆಕೆಯ ತಂದೆ ಚಿನ್ನದ ಗಣಿಯಲ್ಲಿ ಕೆಲಸದಲ್ಲಿದ್ದವರು. ನಾನು, "ಋಷಿವಾಕ್ಯಕ್ಕೆ ಅಳತೆ ಎಂಥದಮ್ಮಾ, ಕೂತುಕೋ" ಎಂದೆನು. ಸಭೆ ನಕ್ಕಿತು, ಹುಡುಗಿ ತಲೆತಗ್ಗಿಸಿ ಕುಳಿತಳು. ಆ ದಿನ ಅದನ್ನು ನಾನು ನನ್ನ ಜಯವೆಂದೇ ಎಣಿಸಿದ್ದೆನು. ಆ ಪ್ರಶ್ನೆಯ ಬೆಲೆ ಏನೆಂಬುದು ಈ ಗ್ರಂಥಗಳನ್ನು ಓದಿದ ಬಳಿಕ ನನಗೆ ತಿಳಿಯಿತು.

ಮೊದಲು ವಿವಾದದ ಸ್ವರೂಪವನ್ನು ಹೇಳಬೇಕು. ಪ್ರಕೃತಿಯಲ್ಲಿ ಮೂಲಬಲಗಳು ನಾಲ್ಕೆಂದು ಭೌತವಿಜ್ಞಾನಿಗಳ ಎಣಿಕೆ. ಗುರುತ್ವಾಕರ್ಷಣೆ ಒಂದು, ವಿದ್ಯುತ್ಕಾಂತಬಲ ಎರಡನೆಯದು, ಪರಮಾಣುವಿನ ಗರ್ಭದಲ್ಲಿ ಕಣಗಳನ್ನು ಬಿಗಿದು ಹಿಡಿದಿರುವ ಪ್ರಬಲಬಲ ಮೂರನೆಯದು, ಕೆಲವು ಬಗೆಯ ವಿಕಿರಣಕ್ಕೆ ಕಾರಣವಾದ ದುರ್ಬಲಬಲ ನಾಲ್ಕನೆಯದು. ಕೊನೆಯ ಮೂರನ್ನು ಕ್ವಾಂಟಂ ಶಾಸ್ತ್ರದ ರೀತಿಯಲ್ಲಿ ವರ್ಣಿಸಿ, ಅಳೆದು, ಸರಿನೋಡಿದ್ದಾಗಿದೆ. ಗುರುತ್ವಾಕರ್ಷಣೆಯನ್ನು 1915ರಲ್ಲಿ ಐನ್‌ಸ್ಟೈನರು ಬೇರೊಂದು ರೀತಿಯಲ್ಲಿ ವರ್ಣಿಸಿದರು. ಅವರ ಮತದಲ್ಲಿ ಅದು ಒಂದು ವಸ್ತು ಇನ್ನೊಂದನ್ನು ಹಗ್ಗ ಹಾಕಿ ಎಳೆಯುವಂಥ ಬಲವಲ್ಲ. ದ್ರವ್ಯವಿರುವ ಕಡೆ ದೇಶಕಾಲಗಳೇ ಬಾಗುವುವು, ಆ ಬಾಗನ್ನು ಅನುಸರಿಸಿ ವಸ್ತುಗಳು ಚಲಿಸುವುವು. ಈ ಮತವೂ ಪರೀಕ್ಷೆಗೆ ನಿಂತಿದೆ. 1919ರ ಸೂರ್ಯಗ್ರಹಣದಲ್ಲಿ ನಕ್ಷತ್ರಗಳ ಬೆಳಕು ಬಾಗಿದುದನ್ನು ಕಂಡರು. 2015ರಲ್ಲಿ ದೇಶಕಾಲಗಳ ಅಲೆಯನ್ನೇ ಯಂತ್ರದಿಂದ ಹಿಡಿದರು.

ಹಾಗಾದರೆ ವಿರೋಧವೆಲ್ಲಿ? ಕ್ವಾಂಟಂ ಶಾಸ್ತ್ರದಲ್ಲಿ ದೇಶಕಾಲಗಳು ನಾಟಕದ ರಂಗಸ್ಥಳದಂತೆ ಸ್ಥಿರವಾಗಿರುವುವು; ಪಾತ್ರಗಳು ಮಾತ್ರ ಅದರ ಮೇಲೆ ಕುಣಿಯುವುವು. ಐನ್‌ಸ್ಟೈನರ ಶಾಸ್ತ್ರದಲ್ಲಿ ರಂಗಸ್ಥಳವೇ ಪಾತ್ರಗಳೊಡನೆ ಕುಣಿಯುವುದು. ಒಂದು ಎಲೆಕ್ಟ್ರಾನು ಇಲ್ಲಿಯೂ ಅಲ್ಲಿಯೂ ಇರುವ ಮಿಶ್ರಸ್ಥಿತಿಯಲ್ಲಿ ಇರಬಲ್ಲುದೆಂದು ಕ್ವಾಂಟಂ ಶಾಸ್ತ್ರವು ಹೇಳುತ್ತದೆ. ಆಗ ಅದರ ಸುತ್ತಣ ದೇಶವು ಬಾಗುವುದು ಇಲ್ಲಿಯೋ ಅಲ್ಲಿಯೋ? ಐನ್‌ಸ್ಟೈನರ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿಲ್ಲ. ಉಳಿದ ಬಲಗಳಿಗೆ ಪ್ರಯೋಗಿಸಿದ ಗಣಿತಕ್ರಮವನ್ನೇ ಗುರುತ್ವಕ್ಕೂ ಪ್ರಯೋಗಿಸಿದರೆ ಉತ್ತರಗಳು ಅನಂತವಾಗಿ ಹರಿದುಹೋಗುವುವು. ಉಳಿದ ಕಡೆ ಅಂಥ ಅನಂತಗಳನ್ನು ಕೆಲವೇ ಅಳತೆಗಳಿಂದ ಕಟ್ಟಿಹಾಕಬಹುದು. ಇಲ್ಲಿ ಹಾಗೆ ಮಾಡಲು ಎಣಿಕೆಯಿಲ್ಲದಷ್ಟು ಅಳತೆಗಳು ಬೇಕಾಗುವುವು. ಹಾಗೆ ಬೇಕಾದ ಶಾಸ್ತ್ರದಿಂದ ಯಾವುದನ್ನೂ ಮುಂಗಂಡು ಹೇಳಲಾಗದು. ಈ ತೊಡಕನ್ನು 1985ರಲ್ಲಿ ಗೋರಾಫ್, ಸಗ್ನೊಟ್ಟಿ ಎಂಬಿಬ್ಬರು ದೀರ್ಘವಾದ ಲೆಕ್ಕದಿಂದ ಸ್ಥಿರಪಡಿಸಿದರು.

ಎರಡೂ ಶಾಸ್ತ್ರಗಳು ತಮ್ಮ ತಮ್ಮ ಸ್ಥಳದಲ್ಲಿ ಪ್ರಮಾಣವಾದವುಗಳು. ಒಟ್ಟಿಗೆ ಕೂಡಿಸಿದರೆ ಪರಸ್ಪರ ಬಾಧಿಸುವಂಥವು. ಮೀಮಾಂಸೆಯನ್ನು ಓದಿದವರಿಗೆ ಈ ಅವಸ್ಥೆ ಹೊಸದಲ್ಲ. ಎರಡು ವಿಧಿವಾಕ್ಯಗಳು ಪರಸ್ಪರ ವಿರುದ್ಧವಾಗಿ ತೋರಿದಾಗ ಒಂದರ ಬಾಯಿ ಮುಚ್ಚಿಸಿ ಇನ್ನೊಂದನ್ನು ಎತ್ತಿಹಿಡಿಯುವುದು ಸಮನ್ವಯವೆನಿಸದು. ಎರಡರ ಬಲವನ್ನೂ ಪೂರ್ಣವಾಗಿ ಒಪ್ಪಿಕೊಂಡು, ಎರಡಕ್ಕೂ ಎಡೆಯಿರುವ ಒಂದು ಅರ್ಥವನ್ನು ಕಾಣುವುದೇ ಸಮನ್ವಯ. ಅದುಕಾರಣ ಈ ವಿಷಯದ ಗ್ರಂಥಕ್ಕೆ ನಾನು ಇಡುವ ಮೊದಲನೆಯ ಒರೆಗಲ್ಲು ಇದು: ವಿರೋಧವು ನಿಜವಾಗಿ ಎಲ್ಲಿರುವುದೆಂಬುದನ್ನು ಅದು ಓದುಗನಿಗೆ ತೋರಿಸಿತೇ? ಎರಡನೆಯದು: ಯಾವ ಅಳತೆಯಿಂದ ಈ ವ್ಯಾಜ್ಯ ತೀರುವುದೆಂಬುದನ್ನು ಹೇಳಿತೇ? ಮೂರನೆಯದು: ಇನ್ನೂ ತೀರದೆ ಉಳಿದುದನ್ನು ತೀರಿಲ್ಲವೆಂದೇ ಒಪ್ಪಿಕೊಂಡಿತೇ?

ಈ ಒರೆಗಲ್ಲು ಬಹಳ ಕಠಿನವೆಂದು ಯಾರಾದರೂ ಹೇಳಿದರೆ, ಅದಕ್ಕೆ ಸರಿಯಾಗಿ ನಿಂತ ಒಂದು ಹಳೆಯ ಬರಹವನ್ನು ತೋರಿಸಬಲ್ಲೆನು. ಗುರುತ್ವಕ್ಕೂ ವಿದ್ಯುತ್ತಿಗೂ ಸಂಬಂಧವಿರಲೇಬೇಕೆಂದು ನಂಬಿದವರಲ್ಲಿ ಮೊದಲಿಗರಾದ ಫ್ಯಾರಡೆ ಮಹಾಶಯರು ಲಂಡನ್ನಿನಲ್ಲಿ ತಂತಿಯ ಸುರುಳಿಗಳನ್ನು ಹೂಡಿ, ಭಾರವಾದ ವಸ್ತುಗಳನ್ನು ಮೇಲಿಂದ ಬೀಳಿಸಿ, ಬೀಳುವಾಗ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೇ ಎಂದು ಪರೀಕ್ಷಿಸಿದರು. ಏನೂ ಹುಟ್ಟಲಿಲ್ಲ. 1850ರಲ್ಲಿ ಅವರು ಬರೆದ ವರದಿಯ ಮುಕ್ತಾಯ ಕೆಲವೇ ಸಾಲು. ಪರೀಕ್ಷೆಗಳು ಫಲಿಸಲಿಲ್ಲವೆಂದೂ, ತನ್ನ ಗಾಢವಾದ ನಂಬಿಕೆ ಅದರಿಂದ ಕದಲಲಿಲ್ಲವೆಂದೂ, ಆದರೂ ಅಂಥ ಸಂಬಂಧವಿದೆಯೆಂಬುದಕ್ಕೆ ಪ್ರಮಾಣ ದೊರೆತಿಲ್ಲವೆಂದೂ ಅವರು ತಿಳಿಸಿರುವರು. ನಂಬಿಕೆಯೂ ಇದೆ, ಪ್ರಮಾಣವಿಲ್ಲವೆಂಬ ಒಪ್ಪಿಗೆಯೂ ಇದೆ; ಒಂದು ಇನ್ನೊಂದನ್ನು ನುಂಗಿಲ್ಲ. ಶಾಸ್ತ್ರಗದ್ಯದಲ್ಲಿ ಇದಕ್ಕಿಂತ ಹೆಚ್ಚಿನ ಗುಣವನ್ನು ನಾನರಿಯೆ.

ಈಗಿನ ಗ್ರಂಥಗಳಲ್ಲಿ ಅತ್ಯಂತ ಪ್ರಸಿದ್ಧವಾದದ್ದು ಸ್ಟೀಫನ್ ಹಾಕಿಂಗರ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್'. ಇದು 1988ರಲ್ಲಿ ಹೊರಬಂದಿತು. ಗಣಿತಸಮೀಕರಣವೇ ಇರಕೂಡದೆಂದು ನಿಶ್ಚಯಿಸಿಕೊಂಡು, ಕೊನೆಗೆ ಒಂದನ್ನು ಮಾತ್ರ ಸೇರಿಸಿ ಬರೆದುದು. ಶೈಲಿ ತಿಳಿಯಾದದ್ದು, ನಡುನಡುವೆ ವಿನೋದವೂ ಉಂಟು. ದೇಹವು ಕುರ್ಚಿಗೆ ಕಟ್ಟಿಬಿದ್ದಿದ್ದರೂ ಜಗತ್ತಿನ ಆದಿಯನ್ನು ಕುರಿತು ಅವರಲ್ಲಿದ್ದ ಕುತೂಹಲವು ಓದುಗನಿಗೂ ಹತ್ತುವುದು. ವಿರೋಧವೆಲ್ಲಿ ಎಂಬುದನ್ನು ಅವರು ಚೆನ್ನಾಗಿಯೇ ತೋರಿಸಿರುವರು. ಆದರೆ ಗ್ರಂಥದ ಕೊನೆಯ ಭಾಗಕ್ಕೆ ಬಂದಾಗ ಧ್ವನಿ ಬದಲಾಗುವುದು. ಪೂರ್ಣಸಿದ್ಧಾಂತವು ದೊರೆತಲ್ಲಿ ಈಶ್ವರನ ಚಿತ್ತವನ್ನೇ ಅರಿತಂತಾಗುವುದೆಂಬ ಅಭಿಪ್ರಾಯದಿಂದ ಗ್ರಂಥವು ಮುಗಿಯುವುದು. ಈ ಒಂದು ಮಾತು ಲೋಕದಲ್ಲೆಲ್ಲ ಹಬ್ಬಿತು. ಇದರಿಂದ ಓದುಗನ ಮನಸ್ಸಿನಲ್ಲಿ ಉಳಿಯುವುದು ವಿರೋಧದ ಚಿತ್ರವಲ್ಲ, ಗೋಪುರದ ಕಲಶದ ಚಿತ್ರ. ಗೋಪುರ ಇನ್ನೂ ಕಟ್ಟಿಲ್ಲವೆಂಬುದು ಮರೆತುಹೋಗುವುದು. 1980ರ ತಮ್ಮ ಉಪನ್ಯಾಸದಲ್ಲಿ ಶತಮಾನ ಮುಗಿಯುವುದರೊಳಗೆ ಗುರಿ ಕೈಗೂಡಬಹುದೆಂದು ಹೇಳಿದ್ದ ಹಾಕಿಂಗರೇ 2002ರಲ್ಲಿ ಅಂಥ ಅಂತಿಮಸಿದ್ಧಾಂತ ದೊರೆಯಲಾರದೆಂದು ತಮ್ಮ ಅಭಿಪ್ರಾಯವನ್ನು ಬದಲಿಸಿಕೊಂಡರು. ಹಾಗೆ ಬದಲಿಸಿಕೊಂಡುದು ಅವರ ದೊಡ್ಡತನ. ಆದರೆ ಮೊದಲಿನ ಮಾತು ಲಕ್ಷಾಂತರ ಮನೆಗಳನ್ನು ಮುಟ್ಟಿತು, ತಿದ್ದುಪಡಿ ಮುಟ್ಟಲಿಲ್ಲ. 1993ರ ನನ್ನ ಭಾಷಣ ಆ ಮೊದಲಿನ ಮಾತಿನ ಮರಿಯೇ ಸರಿ.

ಎರಡನೆಯದು ಸ್ಟೀವನ್ ವೈನ್‌ಬರ್ಗರ 'ಡ್ರೀಮ್ಸ್ ಆಫ್ ಎ ಫೈನಲ್ ಥಿಯರಿ', 1992ರದು. ಇವರು ಹೊರಗೆ ನಿಂತು ವರ್ಣಿಸಿದವರಲ್ಲ. ಒಂದು ಸಮನ್ವಯವನ್ನು ತಾವೇ ಸಾಧಿಸಿದವರು. ವಿದ್ಯುತ್ಕಾಂತಬಲವೂ ದುರ್ಬಲಬಲವೂ ಮೂಲದಲ್ಲಿ ಒಂದೇ ವ್ಯವಸ್ಥೆಯ ಎರಡು ಮುಖಗಳೆಂದು ಗ್ಲಾಷೋ, ಸಲಾಂ, ವೈನ್‌ಬರ್ಗ್ ಈ ಮೂವರು ತೋರಿಸಿ 1979ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದರು. ಆ ಸಮನ್ವಯವು ಮಾತಿನಲ್ಲಿ ಉಳಿಯಲಿಲ್ಲ. ಅದು ಮುನ್ನುಡಿದ ಒಂದು ಬಗೆಯ ಪರಸ್ಪರಕ್ರಿಯೆ 1973ರಲ್ಲಿ ಜಿನೀವಾದ ಬಳಿಯ ಸರ್ನ್ ಸಂಸ್ಥೆಯಲ್ಲಿ ಕಂಡುಬಂದಿತು; ಅದು ಹೇಳಿದ ಭಾರವಾದ ಕಣಗಳು 1983ರಲ್ಲಿಯೂ, ಹಿಗ್ಸ್ ಕಣವು 2012ರಲ್ಲಿಯೂ ಅಲ್ಲಿಯೇ ದೊರೆತುವು. ಸಮನ್ವಯ ಸಿದ್ಧಿಸಿತೆಂದರೆ ಹೇಗಿರುವುದೆಂಬುದಕ್ಕೆ ಇದೇ ನಿದರ್ಶನ.

ವೈನ್‌ಬರ್ಗರ ಗ್ರಂಥದಲ್ಲಿ ಸಿದ್ಧಾಂತಗಳ ಸೌಂದರ್ಯವನ್ನು ಕುರಿತ ಒಂದು ಅಧ್ಯಾಯವುಂಟು. ಅಲಂಕಾರಶಾಸ್ತ್ರದ ರುಚಿಯುಳ್ಳವರು ಅದನ್ನು ಅಗತ್ಯವಾಗಿ ಓದಬೇಕು. ಸಿದ್ಧಾಂತವೊಂದು ಸುಂದರವೆಂದು ವಿಜ್ಞಾನಿ ಹೇಳುವುದು, ಪಂದ್ಯದ ಕುದುರೆಗಳನ್ನು ಪಳಗಿಸುವವನು ಒಂದು ಕುದುರೆಯನ್ನು ನೋಡಿ ಸುಂದರವೆಂದು ಹೇಳುವಂತೆ ಎಂದು ಅವರ ಹೋಲಿಕೆ. ಗೆದ್ದ ಕುದುರೆಗಳನ್ನು ಎಷ್ಟೋ ಕಂಡ ಕಣ್ಣು ಅದು. ಅದರ ಮೆಚ್ಚಿಗೆಯಲ್ಲಿ ಅನುಭವವು ಅಡಗಿದೆ. ಬಹಳ ಒಳ್ಳೆಯ ಉಪಮೆ. ಆದರೆ ಈ ಉಪಮೆಯೇ ತನ್ನ ಎಲ್ಲೆಯನ್ನೂ ಹೇಳುತ್ತದೆ. ಕುದುರೆ ಎಷ್ಟೇ ಲಕ್ಷಣವಾಗಿದ್ದರೂ ಕಣದಲ್ಲಿ ಓಡಬೇಕಷ್ಟೆ. ಅದು ವೈನ್‌ಬರ್ಗರಿಗೆ ತಿಳಿಯದ್ದಲ್ಲ. ಟೆಕ್ಸಾಸಿನಲ್ಲಿ ನಿರ್ಮಾಣವಾಗುತ್ತಿದ್ದ ಮಹಾಯಂತ್ರದ ಪರವಾಗಿ ಅವರು ಆ ಗ್ರಂಥದಲ್ಲಿ ವಾದಿಸಿದ್ದೇ ಅದಕ್ಕಾಗಿ. 1993ರಲ್ಲಿ ಅಮೆರಿಕದ ಶಾಸನಸಭೆ ಆ ಯಂತ್ರದ ಕೆಲಸವನ್ನು ನಿಲ್ಲಿಸಿಬಿಟ್ಟಿತು. ನನ್ನ ಮೂರು ಒರೆಗಲ್ಲುಗಳಿಗೂ ಬಹುಮಟ್ಟಿಗೆ ನಿಲ್ಲುವ ಗ್ರಂಥ ಇದು.

ಮೂರನೆಯದು ಬ್ರಯನ್ ಗ್ರೀನರ 'ದಿ ಎಲಿಗೆಂಟ್ ಯೂನಿವರ್ಸ್', 1999ರದು. ತಂತುವಾದದ ಗ್ರಂಥ ಇದು. ಮೂಲದ್ರವ್ಯವು ಬಿಂದುರೂಪವಾದ ಕಣವಲ್ಲ, ಅತಿಸೂಕ್ಷ್ಮವಾದ ತಂತು. ವೀಣೆಯ ತಂತಿ ಬೇರೆಬೇರೆಯಾಗಿ ಮಿಡಿದಾಗ ಬೇರೆಬೇರೆ ಸ್ವರಗಳು ಹೊರಡುವಂತೆ, ಆ ತಂತುವಿನ ಬೇರೆಬೇರೆ ಕಂಪನಗಳೇ ಬೇರೆಬೇರೆ ಕಣಗಳಾಗಿ ತೋರುವುವು. ಅವುಗಳಲ್ಲಿ ಒಂದು ಕಂಪನವೇ ಗುರುತ್ವವಾಹಕ ಎಂಬುದು ಈ ವಾದದ ತಾತ್ಪರ್ಯ. ಇದು ನಿಲ್ಲಬೇಕಾದರೆ ದೇಶಕಾಲಗಳಿಗೆ ನಮಗೆ ಕಾಣುವ ನಾಲ್ಕು ಆಯಾಮಗಳು ಸಾಲವು, ಹತ್ತು ಬೇಕು. ಉಳಿದ ಆರು ಸುರುಳಿ ಸುತ್ತಿಕೊಂಡು ಅಡಗಿರುವುವಂತೆ. ತೋಟಕ್ಕೆ ನೀರು ಹಾಯಿಸುವ ಕೊಳವೆ ದೂರದಿಂದ ಬರಿಯ ಗೆರೆಯಾಗಿ ಕಂಡರೂ ಅದರ ಮೇಲೆ ಹರಿಯುವ ಇರುವೆಗೆ ಸುತ್ತುವ ದಾರಿಯೂ ಇರುವಂತೆ ಎಂದು ಗ್ರೀನರು ವಿವರಿಸಿರುವರು. ಉಪಮೆಗಳನ್ನು ಹುಡುಕುವುದರಲ್ಲಿ ಅವರಿಗೆ ಸಮಾನರಾದವರನ್ನು ಈ ಗ್ರಂಥಗಳಲ್ಲಿ ನಾನು ಕಾಣೆ. ಪ್ರಯೋಗಸಾಕ್ಷ್ಯ ದೊರೆತಿಲ್ಲವೆಂಬುದನ್ನು ಅವರು ಮರೆಮಾಚಿಲ್ಲ. ಅದಕ್ಕೆಂದೇ ಒಂದು ಅಧ್ಯಾಯವಿದೆ.

ಆದರೂ ಆಕ್ಷೇಪವುಂಟು. ಈ ಆಕ್ಷೇಪವನ್ನು ವಿವರಿಸಲು ನ್ಯಾಯಶಾಸ್ತ್ರದ ಒಂದು ಹಳೆಯ ಉದಾಹರಣೆ ನೆರವಾಗುವುದು. ಪೇಟೆಯವನೊಬ್ಬನು ಗವಯವೆಂಬ ಪ್ರಾಣಿಯ ಹೆಸರನ್ನು ಮಾತ್ರ ಕೇಳಿದ್ದಾನೆ, ಪ್ರಾಣಿಯನ್ನು ಕಂಡಿಲ್ಲ. ಕಾಡಿನವನೊಬ್ಬನು, ಅದು ಹಸುವಿನಂತೆ ಇರುವುದೆಂದು ಅವನಿಗೆ ಹೇಳಿದನು. ಮುಂದೆ ಪೇಟೆಯವನು ಕಾಡಿಗೆ ಹೋಗಿ, ಹಸುವಿನಂಥ ಒಂದು ಪ್ರಾಣಿಯನ್ನು ಕಣ್ಣಾರೆ ಕಂಡು, ಕೇಳಿದ್ದ ಮಾತನ್ನು ನೆನೆದು, ಗವಯವೆಂಬುದು ಇದೇ ಎಂದು ಅರಿತನು. ಇದಕ್ಕೆ ಉಪಮಾನಪ್ರಮಾಣವೆಂದು ಹೆಸರು. ಇಲ್ಲಿ ಗಮನಿಸಬೇಕಾದದ್ದೇನೆಂದರೆ, ಕಾಡಿನವನ ಮಾತು ಕೇಳಿದ ಮಾತ್ರಕ್ಕೆ ಉಪಮಾನವು ಪೂರ್ಣವಾಗಲಿಲ್ಲ. ಕಾಡಿಗೆ ಹೋಗಬೇಕು; ಪ್ರಾಣಿಯನ್ನು ಕಾಣಬೇಕು; ಆಗಲೇ ಹೋಲಿಕೆಯು ಜ್ಞಾನವಾಗುವುದು. ಮನೆಯಲ್ಲಿ ಕುಳಿತು ಹಸುವನ್ನೇ ನೋಡುತ್ತ ಗವಯವನ್ನು ಬಲ್ಲೆನೆಂದು ತಿಳಿದವನಿಗೆ ಹಸು ತಿಳಿದಿರುವುದೇ ಹೊರತು ಗವಯ ತಿಳಿದಿಲ್ಲ.

ವೀಣೆಯೂ ಕೊಳವೆಯೂ ಇರುವೆಯೂ ನಮ್ಮ ಮನೆಯ ಹಸುಗಳು. ಗವಯವಿರುವ ಕಾಡಾದರೋ ಬಹುದೂರದಲ್ಲಿದೆ. ಎಷ್ಟು ದೂರವೆಂಬುದನ್ನು ಅಂಕಿಯಲ್ಲಿಯೇ ಹೇಳಬಹುದು. ಎರಡು ಪ್ರೋಟಾನುಗಳ ನಡುವಣ ವಿದ್ಯುದ್ವಿಕರ್ಷಣೆಯು ಅವುಗಳ ಗುರುತ್ವಾಕರ್ಷಣೆಗಿಂತ ಸುಮಾರು 1ರ ಮುಂದೆ 36 ಸೊನ್ನೆಗಳನ್ನು ಇಟ್ಟಷ್ಟು ಪಾಲು ದೊಡ್ಡದು. ಭೂಮಿಯಷ್ಟು ದ್ರವ್ಯ ಕೂಡಿಕೊಂಡಿರುವುದರಿಂದಲೇ ಗುರುತ್ವವು ನಮ್ಮ ಕೈಕಾಲುಗಳಿಗೆ ತಿಳಿಯುವುದು. ಕಣಗಳಲ್ಲಿ ಅದು ಇದ್ದೂ ಇಲ್ಲದಂತೆ. ಗುರುತ್ವಕ್ಕೂ ಕ್ವಾಂಟಂ ನಿಯಮಗಳಿಗೂ ನೇರವಾದ ಮುಖಾಮುಖಿಯಾಗುವುದೆಂದು ಎಣಿಸಿರುವ ಶಕ್ತಿಯ ಮಟ್ಟವು, ಸರ್ನ್ ಸಂಸ್ಥೆಯ 27 ಕಿಲೋಮೀಟರು ಸುತ್ತಳತೆಯ ಯಂತ್ರವು ಮುಟ್ಟಿರುವ ಮಟ್ಟಕ್ಕಿಂತ ಸುಮಾರು 1ರ ಮುಂದೆ 15 ಸೊನ್ನೆಗಳಷ್ಟು ಪಾಲು ಮೇಲಿದೆ. ಗ್ರೀನರು ಆ ಯಂತ್ರದಿಂದ ಪರೋಕ್ಷವಾದ ಸುಳಿವುಗಳನ್ನಾದರೂ ನಿರೀಕ್ಷಿಸಿದ್ದರು; ಕಣಗಳ ಜೊತೆಗಾರಕಣಗಳು ದೊರೆಯಬಹುದೆಂಬ ಆಸೆ ಅಂದು ಇತ್ತು. ಅವು ದೊರೆತಿಲ್ಲ. ಇದಲ್ಲದೆ ತಂತುವಾದದಿಂದ ಹೊರಡಬಹುದಾದ ಜಗತ್ತುಗಳ ಬಗೆಗಳನ್ನು ಎಣಿಸಹೊರಟವರಿಗೆ 1ರ ಮುಂದೆ 500 ಸೊನ್ನೆಗಳಷ್ಟು ಬಗೆಗಳು ಸಿಕ್ಕಿದುವು. ದಾರಿಯೂ ಇದೊಂದೇ ಅಲ್ಲ. ಮಹಾರಾಷ್ಟ್ರದಲ್ಲಿ ಹುಟ್ಟಿದ ಅಭಯ ಅಷ್ಟೇಕರರು 1986ರಲ್ಲಿ ಐನ್‌ಸ್ಟೈನರ ಸಮೀಕರಣಗಳನ್ನು ಹೊಸ ರೂಪಕ್ಕೆ ತಂದುದರಿಂದ, ದೇಶವೇ ಬಿಡಿಬಿಡಿಯಾದ ಕುಣಿಕೆಗಳಿಂದ ನೆಯ್ದುದೆನ್ನುವ ಬೇರೊಂದು ಪಂಥ ಬೆಳೆಯಿತು. ತಂತುವಾದದ ಗ್ರಂಥವೊಂದನ್ನೇ ಓದಿದವನಿಗೆ ಲೋಕದಲ್ಲಿ ಬೇರೆ ಮತವಿದೆಯೆಂಬ ಅರಿವೇ ಮೂಡದು.

ಸೌಂದರ್ಯವನ್ನೇ ನೆಚ್ಚಿ ಭೌತವಿಜ್ಞಾನವು ದಾರಿತಪ್ಪಿತೆಂದು ವಿಜ್ಞಾನಿಗಳೊಳಗಿನವರೇ ಆದ ಸಬೀನ ಹಾಸೆನ್‌ಫೆಲ್ಡರರು 'ಲಾಸ್ಟ್ ಇನ್ ಮ್ಯಾಥ್' ಎಂಬ 2018ರ ಗ್ರಂಥದಲ್ಲಿ ಖಂಡಿಸಿರುವರು. ಅವರ ಮಾತಿನ ಮೊನೆ ಕೆಲವೆಡೆ ಅತಿಯಾಗಿ ಚುಚ್ಚುವುದು. ಖಂಡನೆಯ ಹುರುಪಿನಲ್ಲಿ ಸೌಂದರ್ಯಬುದ್ಧಿಯು ಹಿಂದೆ ಮಾಡಿದ ಉಪಕಾರವು ಮಸುಕಾಗುವುದು. ಆದರೆ ತಾತ್ಪರ್ಯದಲ್ಲಿ ನನ್ನ ಸಮ್ಮತಿಯಿದೆ. ನಮ್ಮ ತಾರ್ಕಿಕರೂ ಲಾಘವವನ್ನು ಮೆಚ್ಚಿದವರೇ. ಎರಡು ಕಲ್ಪನೆಗಳಲ್ಲಿ ಕಡಮೆ ಹೊರೆಯಿರುವುದನ್ನು ಅವರು ಆರಿಸಿಕೊಳ್ಳುವರು. ಹೊರೆ ಹೆಚ್ಚಾದುದಕ್ಕೆ ಗೌರವದೋಷವೆಂದು ಹೆಸರಿಡುವರು. ಆದರೆ ಆ ತರ್ಕವು ಪ್ರಮಾಣಕ್ಕೆ ಸಹಾಯಕವೇ ಹೊರತು ತಾನೇ ಪ್ರಮಾಣವಲ್ಲವೆಂದು ಅವರು ಕಟ್ಟುನಿಟ್ಟಾಗಿ ಗೆರೆ ಎಳೆದರು. ಆ ಗೆರೆಯನ್ನು ಮರೆತ ಗ್ರಂಥವು ಎಷ್ಟೇ ರಮ್ಯವಾಗಿದ್ದರೂ ಶಾಸ್ತ್ರಗ್ರಂಥವೆನಿಸದು.

ಸುಂದರವಾದ ಸಿದ್ಧಾಂತವನ್ನು ಕಾಡಿಗೆ ಕರೆದೊಯ್ದು ನೋಡಿದ ಕಥೆಯೊಂದು ನಮ್ಮ ಜಿಲ್ಲೆಯ ನೆಲದಡಿಯಲ್ಲಿಯೇ ನಡೆದಿದೆ. ಗುರುತ್ವವೊಂದನ್ನು ಹೊರಗಿಟ್ಟು ಉಳಿದ ಮೂರು ಬಲಗಳನ್ನು ಒಂದುಗೂಡಿಸುವ ಸಿದ್ಧಾಂತವನ್ನು 1974ರಲ್ಲಿ ಜಾರ್ಜೈ, ಗ್ಲಾಷೋ ಇಬ್ಬರೂ ಮುಂದಿಟ್ಟರು. ಬಲ್ಲವರು ಅದರ ಅಚ್ಚುಕಟ್ಟನ್ನು ಕಂಡು ಬೆರಗಾದರು. ಆ ಸಿದ್ಧಾಂತವು ನಿಜವಾದಲ್ಲಿ ಪ್ರೋಟಾನು ಅಮರವಲ್ಲ; ಬಹು ದೀರ್ಘಕಾಲದ ಮೇಲೆ ಅದೂ ನಶಿಸಬೇಕು. ಅಂದಿನ ಲೆಕ್ಕದಂತೆ ಅದರ ಆಯುಸ್ಸು ಸುಮಾರು 1ರ ಮುಂದೆ 30 ಸೊನ್ನೆಗಳಷ್ಟು ವರ್ಷ. ಅಷ್ಟು ವರ್ಷ ಕಾಯುವವರು ಯಾರು? ಆದರೆ ಒಂದೇ ಪ್ರೋಟಾನನ್ನು ಅಷ್ಟು ವರ್ಷ ಕಾಯುವುದಕ್ಕೆ ಬದಲಾಗಿ, ಅಷ್ಟು ಪ್ರೋಟಾನುಗಳನ್ನು ಒಂದು ವರ್ಷ ಕಾಯಬಹುದಲ್ಲವೇ? ಈ ಯುಕ್ತಿಯಿಂದ 1980ರ ಸುಮಾರಿಗೆ ಕೋಲಾರದ ಚಿನ್ನದ ಗಣಿಯಲ್ಲಿ, ನೆಲದಿಂದ ಸುಮಾರು 2300 ಮೀಟರು ಆಳದಲ್ಲಿ, 140 ಟನ್ ತೂಕದ ಕಬ್ಬಿಣದ ಶೋಧಕಯಂತ್ರವನ್ನು ಹೂಡಿದರು. ಆಕಾಶದಿಂದ ಸುರಿಯುವ ಕಣಗಳ ಗದ್ದಲವನ್ನು ಮೇಲಿನ ಬಂಡೆ ತಡೆಯಲೆಂಬುದೇ ಆ ಆಳಕ್ಕೆ ಕಾರಣ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರೂ ಜಪಾನಿನ ವಿದ್ವಾಂಸರೂ ಕೂಡಿ ಮಾಡಿದ ಕೆಲಸ ಇದು. 1965ರಲ್ಲಿ ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಕುರುಹನ್ನು ಕಂಡ ಕೀರ್ತಿಯೂ ಇದೇ ಗಣಿಗೆ ಸಂದಿತ್ತು.

ಪ್ರೋಟಾನು ನಶಿಸಿದಂತೆ ತೋರಿದ ಕೆಲವು ಗುರುತುಗಳು ಅಲ್ಲಿ ದೊರೆತುವು, ಅವನ್ನು ಪ್ರಕಟಿಸಿದರು. ಆದರೆ ಅಮೆರಿಕದಲ್ಲಿಯೂ ಜಪಾನಿನ ಕಾಮಿಯೋಕದಲ್ಲಿಯೂ ಇನ್ನೂ ದೊಡ್ಡ ಯಂತ್ರಗಳಿಂದ ಕಾದವರಿಗೆ ಅವು ದೊರೆಯಲಿಲ್ಲ. ಪ್ರೋಟಾನಿನ ಆಯುಸ್ಸು, ನಶಿಸಿದಲ್ಲಿಯೂ, 1ರ ಮುಂದೆ 34 ಸೊನ್ನೆಗಳ ವರ್ಷಗಳಿಗಿಂತ ಹೆಚ್ಚೆಂದು ಆ ಸಿದ್ಧಾಂತವು ಮುಖ್ಯವೆಂದು ಹೇಳಿದ ನಾಶಕ್ರಮದ ಮಟ್ಟಿಗೆ ಮುಂದೆ ತಿಳಿದುಬಂದಿತು. ಅಷ್ಟು ಅಚ್ಚುಕಟ್ಟಾಗಿದ್ದ ಆ ಮೊದಲ ಸಿದ್ಧಾಂತವು ಹೀಗೆ ಬಿದ್ದುಹೋಯಿತು. ಗಣಿಯೂ 2001ರಲ್ಲಿ ಮುಚ್ಚಿತು. ಇದನ್ನು ಸೋಲೆಂದು ಎಣಿಸುವವರು ಎಣಿಸಲಿ. ನನಗಾದರೋ ಇದು ಆ ಸಿದ್ಧಾಂತಕ್ಕೆ ಸಂದ ಅತ್ಯುತ್ತಮವಾದ ಮರ್ಯಾದೆಯೆಂದು ತೋರುತ್ತದೆ. ಅದು ಸುಳ್ಳಾಗಬಲ್ಲಂಥ ಮಾತನ್ನು ಆಡಿತು. ಜನ ಪಾತಾಳಕ್ಕಿಳಿದು ಅದನ್ನು ಸರಿನೋಡಿದರು. ನನ್ನ ಸಭೆಯಲ್ಲಿ ಎದ್ದುನಿಂತ ಹುಡುಗಿಯ ತಂದೆ ದುಡಿಯುತ್ತಿದ್ದ ಗಣಿಯಲ್ಲಿಯೇ, ಆಕೆ ಕೇಳಿದ ಪ್ರಶ್ನೆಯನ್ನೇ, ಹತ್ತು ಹನ್ನೆರಡು ವರ್ಷಗಳ ಮೊದಲೇ ವಿದ್ವಾಂಸರು ಪ್ರಕೃತಿಯನ್ನು ಕೇಳಿದ್ದರು. ವೇದಿಕೆಯ ಮೇಲಿದ್ದ ನನಗೆ ಅದು ತಿಳಿದಿರಲಿಲ್ಲ.

ಕೊನೆಯದಾಗಿ ನಮ್ಮವರ ಬರಹಗಳನ್ನು ಕುರಿತು ಒಂದು ಮಾತು. ಕನ್ನಡದಲ್ಲಿ ಈ ವಿಷಯವನ್ನು ಮುಟ್ಟಿದ ಭಾಷಣಗಳಲ್ಲಿಯೂ ಲೇಖನಗಳಲ್ಲಿಯೂ ನಾನು 1993ರಲ್ಲಿ ಮಾಡಿದ ತಪ್ಪು ಇಂದಿಗೂ ಮರುಕಳಿಸುತ್ತಿದೆ. ಗುರುತ್ವವೆಂಬ ಪದವು ವೈಶೇಷಿಕದಲ್ಲಿದೆ, ನಿಜ. ಪ್ರಶಸ್ತಪಾದರು ಹೇಳುವ 24 ಗುಣಗಳಲ್ಲಿ ಅದೂ ಒಂದು. ವಸ್ತು ಬೀಳುವುದಕ್ಕೆ ಅದು ಕಾರಣ. ಕಣ್ಣಿಗೆ ಕಾಣದೆ ಬೀಳುವಿಕೆಯಿಂದ ಊಹಿಸಬೇಕಾದದ್ದು. ಇದು ಸೂಕ್ಷ್ಮವಾದ ವಿಚಾರವೇ. ಆದರೆ ಆ ಗುರುತ್ವವಿರುವುದು ಪೃಥಿವಿಯಲ್ಲಿಯೂ ಜಲದಲ್ಲಿಯೂ ಮಾತ್ರ. ತೇಜಸ್ಸಿಗೂ ವಾಯುವಿಗೂ ಅದಿಲ್ಲ. ಪ್ರತಿಯೊಂದು ದ್ರವ್ಯವೂ ಪ್ರತಿಯೊಂದನ್ನೂ ಸೆಳೆಯುವುದೆಂಬ 1687ರ ನ್ಯೂಟನ್ನರ ಮಾತು ಅಲ್ಲಿಲ್ಲ. ಬೆಳಕೂ ಬಾಗುವುದೆಂಬ ಐನ್‌ಸ್ಟೈನರ ಮಾತು ಅದಕ್ಕೆ ವಿರುದ್ಧವೇ ಆಗಿದೆ. ಇನ್ನು ಅದ್ವೈತದ ಏಕತ್ವವಾದರೋ ಗುಣವಿಲ್ಲದ, ಅಳತೆಗೆ ಸಿಕ್ಕದ ತತ್ತ್ವವನ್ನು ಕುರಿತದ್ದು. ಅದನ್ನು ಅರಿಯುವ ಸಾಧನವೂ ಬೇರೆ. ಭೌತವಿಜ್ಞಾನದ ಏಕತ್ವವು ಅಳತೆಯಿಂದ ಹುಟ್ಟಿ ಅಳತೆಯಲ್ಲಿ ಮುಗಿಯಬೇಕಾದದ್ದು. ಎರಡನ್ನೂ ಒಂದೆನ್ನುವವನು ವಿಜ್ಞಾನವನ್ನು ಕೆಡಿಸುವುದಲ್ಲದೆ ವೇದಾಂತವನ್ನೂ ಕೆಡಿಸುತ್ತಾನೆ. ಏಕೆಂದರೆ ನಾಳೆ ಆ ಸಿದ್ಧಾಂತವು ಪ್ರೋಟಾನಿನ ಸಿದ್ಧಾಂತದಂತೆ ಬಿದ್ದುಹೋದರೆ ಅದಕ್ಕೆ ಕಟ್ಟಿದ ವೇದಾಂತವೂ ಬಿದ್ದಂತೆಯೇ ಜನ ತಿಳಿಯುವರು. ಪೂರ್ವಿಕರ ಮೇಲಿನ ಗೌರವವು ಅವರು ಆಡದ ಮಾತನ್ನು ಅವರ ಬಾಯಿಗೆ ಹಾಕುವುದರಿಂದ ಸಲ್ಲುವುದಿಲ್ಲ. ಅವರು ಕಲಿಸಿದ ಪ್ರಮಾಣವಿಚಾರವನ್ನು ಹೊಸ ವಿಷಯದಲ್ಲಿಯೂ ಬಳಸುವುದರಿಂದ ಸಲ್ಲುವುದು.

ಹಾಗಾದರೆ ಗುರುತ್ವಸಮನ್ವಯವು ಎಂದಿಗೂ ಆಗದ ಕೆಲಸವೇ? ಹಾಗೆ ಹೇಳುವುದೂ ಪ್ರಮಾಣವಿಲ್ಲದ ಮಾತು. ಕಾಡಿಗೆ ಬೇರೊಂದು ಕಾಲುದಾರಿಯನ್ನು ಕೆಲವರು ಹುಡುಕುತ್ತಿರುವರು. 2017ರಲ್ಲಿ ಸೌಗತ ಬೋಸ್ ಮತ್ತು ಅವರ ಸಹೋದ್ಯೋಗಿಗಳೂ, ಅವರಿಂದ ಬೇರೆಯಾಗಿ ಮಾರ್ಲೆಟ್ಟೊ, ವೆಡ್ರಾಲ್ ಇಬ್ಬರೂ ಒಂದು ಪರೀಕ್ಷೆಯನ್ನು ಸೂಚಿಸಿದರು. ಎರಡು ಅತಿಸಣ್ಣ ವಸ್ತುಗಳನ್ನು ಇಲ್ಲಿಯೂ ಅಲ್ಲಿಯೂ ಇರುವ ಆ ಮಿಶ್ರಸ್ಥಿತಿಯಲ್ಲಿಟ್ಟು, ನಡುವೆ ಗುರುತ್ವವೊಂದೇ ಕೆಲಸಮಾಡುವಂತೆ ಬಿಟ್ಟು, ಅವು ಕ್ವಾಂಟಂ ರೀತಿಯಲ್ಲಿ ಪರಸ್ಪರ ಹೆಣೆದುಕೊಳ್ಳುವುವೋ ಇಲ್ಲವೋ ಎಂದು ನೋಡುವುದು ಅದರ ಸಾರ. ಹೆಣೆದುಕೊಂಡರೆ ಗುರುತ್ವವೂ ಕ್ವಾಂಟಂ ಸ್ವಭಾವದ್ದೆನ್ನಲು ಬಲವಾದ ಸಾಕ್ಷ್ಯವಾಗುವುದು. 2021ರಲ್ಲಿ ವಿಯೆನ್ನಾದ ವಿಜ್ಞಾನಿಗಳು ಸುಮಾರು 90 ಮಿಲಿಗ್ರಾಂ ತೂಕದ ಪುಟ್ಟ ಚಿನ್ನದ ಗುಂಡು ಇನ್ನೊಂದನ್ನು ಸೆಳೆಯುವುದನ್ನು ಅಳೆದರು. ಮಿಶ್ರಸ್ಥಿತಿಯಲ್ಲಿ ಇಡಬಲ್ಲ ವಸ್ತುಗಳು ಇದಕ್ಕಿಂತ ಎಷ್ಟೋ ಸಣ್ಣವು. ನಡುವಣ ಅಂತರ ಬಹಳವಿದೆ. ಆದರೂ ಇದು ಅಳತೆಯ ದಾರಿ. ಈ ಬಗೆಯ ಕೆಲಸವನ್ನು ವಿವರಿಸುವ ಗ್ರಂಥವೊಂದು ಕನ್ನಡದಲ್ಲಿ ಬರಲೆಂದು ನನ್ನ ಆಸೆ. ಅದರಲ್ಲಿ ವೀಣೆಯ ಉಪಮೆಯೂ ಇರಲಿ, ಕೊಳವೆಯ ಉಪಮೆಯೂ ಇರಲಿ. ಉಪಮೆಯಿಲ್ಲದೆ ನಮ್ಮಂಥವರಿಗೆ ಬಾಗಿಲೇ ತೆರೆಯದು. ಆದರೆ ಇದು ಹಸು, ಗವಯವನ್ನು ಇನ್ನೂ ಯಾರೂ ಕಂಡಿಲ್ಲ ಎಂಬ ಮಾತು ಪ್ರತಿಯೊಂದು ಉಪಮೆಯ ಪಕ್ಕದಲ್ಲಿಯೂ ಇರಲಿ.

ಆ ಹುಡುಗಿ ಈಗ ಎಲ್ಲಿರುವಳೋ ನಾನರಿಯೆ, ಮಕ್ಕಳ ತಾಯಿಯಾಗಿರಬಹುದು. ಈ ಪತ್ರಿಕೆ ಅವಳ ಮನೆಗೆ ಹೋಗುತ್ತಿದ್ದರೆ, ಅಂದು ಕೊಡಬೇಕಾಗಿದ್ದ ಉತ್ತರವನ್ನು ಇಂದು ಬರೆದು ಒಪ್ಪಿಸುತ್ತೇನೆ. ಮೂರು ಬಲಗಳನ್ನು ಒಂದುಗೂಡಿಸುವ ಒಂದು ಸಿದ್ಧಾಂತವನ್ನು ನಿಮ್ಮ ತಂದೆಯವರ ಗಣಿಯಲ್ಲಿ ಅಳೆದು ನೋಡಿದರು, ತಾಯಿ, ಅದು ನಿಲ್ಲಲಿಲ್ಲ. ಗುರುತ್ವವನ್ನು ಕೂಡಿಸುವ ಸಿದ್ಧಾಂತವನ್ನು ಇನ್ನೂ ಯಾರೂ ಅಳೆದು ಸ್ಥಿರಪಡಿಸಿಲ್ಲ. ನಿನ್ನ ಪ್ರಶ್ನೆ ಸರಿಯಾಗಿತ್ತು. ಕೂತುಕೋ ಎಂದ ನನ್ನ ಮಾತು ತಪ್ಪು.